ಡಿಜಿಟಲ್ ಪ್ರದರ್ಶನದ ನಕ್ಷೆ ಎಲ್ಲೋ ತೆರೆದುಕೊಳ್ಳುತ್ತಿದೆಯೇ? ಸ್ಥಳ ಮತ್ತು ಜೂಮ್ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಡಿಜಿಟಲ್ ಪ್ರದರ್ಶನ ಕಟ್ಟುವ ತಂತ್ರಾಂಶವಾದ ಒಮೆಕಾ ಎಸ್‌ನಲ್ಲಿ ಕೆಲಸ ಮಾಡುವವರು ಫೋಟೊ, ಶೀರ್ಷಿಕೆ, ವಿವರಣೆ ಎಲ್ಲವನ್ನೂ ಚೆನ್ನಾಗಿಯೇ ಮುಗಿಸುತ್ತಾರೆ. ನಕ್ಷೆಗೆ ಬಂದಾಗ ಸಿಕ್ಕಿಹಾಕಿಕೊಳ್ಳುತ್ತಾರೆ. ಕರ್ನಾಟಕ ತೋರಿಸಬೇಕಾದ ನಕ್ಷೆ ಇಡೀ ಏಷ್ಯಾ ತೋರಿಸುತ್ತದೆ. ಇಲ್ಲವೇ ಯಾವುದೋ ಹೊಲದ ನಡುವೆ ನಿಲ್ಲುತ್ತದೆ. ಎಡಿಟ್ ಮಾಡುವಾಗ ಸರಿಯಾಗಿ ಕಂಡದ್ದು ಪುಟ ತೆರೆದಾಗ ಬೇರೆಯೇ ಆಗಿರುತ್ತದೆ.

ಬಹಳಷ್ಟು ಸಲ ತಪ್ಪು ಬಟನ್‌ನಲ್ಲಿ ಇರುವುದಿಲ್ಲ, ಕೆಲಸದ ಕ್ರಮದಲ್ಲಿ ಇರುತ್ತದೆ. ಜನ ಮೊದಲು ಜೂಮ್ ಸರಿಮಾಡಿ, ಆಮೇಲೆ ಬಿಂದುಗಳನ್ನು ಸೇರಿಸಿ, ಕೊನೆಗೆ ಪುಟದ ವಿನ್ಯಾಸ ಬದಲಿಸುತ್ತಾರೆ. ಅಷ್ಟರಲ್ಲಿ ಮೊದಲು ಮಾಡಿದ ಕೆಲಸ ನೀರಿನಲ್ಲಿ ಹೋಮ. ಸರಿಯಾದ ಕ್ರಮ ಹೀಗೆ: ಬಿಂದು, ಪುಟದಲ್ಲಿ ನಕ್ಷೆ ಕೂರುವ ಪೆಟ್ಟಿಗೆಯ ಅಳತೆ, ಹಿನ್ನೆಲೆ ನಕ್ಷೆ, ತೆರೆಯುವ ನೋಟ (ಪುಟ ತೆರೆದಾಗ ನಕ್ಷೆಯಲ್ಲಿ ಮೊದಲು ಕಾಣುವ ಭಾಗ), ಕಡೆಯಲ್ಲಿ ಜೂಮ್ ಮಿತಿ.

ಉದಾಹರಣೆಗೆ ಕರ್ನಾಟಕದ ಅಶೋಕನ ಶಾಸನಗಳ ಪ್ರದರ್ಶನವನ್ನೇ ತೆಗೆದುಕೊಳ್ಳೋಣ. ಒಟ್ಟು 9 ಸ್ಥಳಗಳು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ. ಕೊಪ್ಪಳದಲ್ಲಿ ಗವಿಮಠ, ಪಾಲ್ಕಿಗುಂಡು. ಬಳ್ಳಾರಿ ಜಿಲ್ಲೆಯಲ್ಲಿ ನಿಟ್ಟೂರು, ಉಡೆಗೋಳ. ರಾಯಚೂರು ಜಿಲ್ಲೆಯಲ್ಲಿ ಮಸ್ಕಿ. ಕಲಬುರಗಿ ಜಿಲ್ಲೆಯಲ್ಲಿ ಸನ್ನತಿ. ಕೆಲವು ಒತ್ತೊತ್ತಾಗಿವೆ, ಕೆಲವು ದೂರ ದೂರ. ಜೂಮ್ ವಿಷಯದಲ್ಲಿ ಬರಬಹುದಾದ ಎಲ್ಲಾ ತಲೆನೋವೂ ಇದರಲ್ಲಿ ಬರುತ್ತದೆ.

## ಶುರು ಮಾಡುವ ಮೊದಲು ಏನೇನು ಬೇಕು

ಒಮೆಕಾ ಎಸ್‌ನಲ್ಲಿ ನಕ್ಷೆ ತಾನಾಗಿ ಬರುವುದಿಲ್ಲ. ಮ್ಯಾಪಿಂಗ್ ಎಂಬ ಮಾಡ್ಯೂಲ್ (ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ) ಹಾಕಿಕೊಳ್ಳಬೇಕು. ಅದನ್ನು ಹಾಕುವ ಅಧಿಕಾರ ನಿಮಗಿಲ್ಲದಿದ್ದರೆ ಸೈಟ್ ನೋಡಿಕೊಳ್ಳುವವರನ್ನು ಕೇಳಿ. ಐಟಂ (ಪ್ರದರ್ಶನದ ಒಂದೊಂದು ವಸ್ತುವಿನ ದಾಖಲೆ) ಎಡಿಟ್ ಮಾಡುವ ಪುಟದಲ್ಲಿ ಮ್ಯಾಪಿಂಗ್ ಎಂಬ ಟ್ಯಾಬ್ ಕಂಡರೆ ಮಾಡ್ಯೂಲ್ ಇದೆ ಎಂದರ್ಥ.

ಜೊತೆಗೆ ಒಂದು ಎಕ್ಸೆಲ್ ಹಾಳೆ, ಒಂದು ಫೋನ್, ಎರಡು ಬ್ರೌಸರ್ ಕಿಟಕಿ ಇಟ್ಟುಕೊಳ್ಳಿ. ಒಂದರಲ್ಲಿ ಲಾಗಿನ್ ಆಗಿ ಕೆಲಸ ಮಾಡಿ. ಇನ್ನೊಂದು ಇನ್‌ಕಾಗ್ನಿಟೊ ಕಿಟಕಿಯಾಗಿರಲಿ, ಓದುಗರಿಗೆ ಏನು ಕಾಣುತ್ತದೋ ಅದನ್ನೇ ನೋಡಲು. ಎಡಿಟ್ ಪುಟದಲ್ಲಿ ಕಾಣುವ ನಕ್ಷೆಯನ್ನು ನಂಬಬೇಡಿ. ಯಾಕೆ ಎಂಬುದು 4ನೇ ಹಂತದಲ್ಲಿ ಗೊತ್ತಾಗುತ್ತದೆ.

ಹಳೆಯ ಒಮೆಕಾ ಕ್ಲಾಸಿಕ್ ಬಳಸುವವರಿಗೆ ಒಂದು ಮಾತು. ಅಲ್ಲಿ ಜಿಯೊಲೊಕೇಶನ್ ಪ್ಲಗಿನ್ ಇರುತ್ತದೆ. ಅಕ್ಷಾಂಶ, ರೇಖಾಂಶ, ಜೂಮ್ ಸಂಖ್ಯೆ ಎಂದು ಬೇರೆ ಬೇರೆ ಖಾನೆಗಳಿಗೆ ನೇರವಾಗಿ ತುಂಬಿದರೆ ಆಯಿತು. ಹಾಗಾಗಿ 1, 2, 3 ಮತ್ತು 5ನೇ ಹಂತದ ವಿಚಾರ ನಿಮಗೂ ಉಪಯೋಗಕ್ಕೆ ಬರುತ್ತದೆ. 4ನೇ ಹಂತ ಮಾತ್ರ ಒಮೆಕಾ ಎಸ್‌ನವರಿಗೆ.

## ಹಂತ 1: ಮೊದಲು ಬಿಂದುಗಳನ್ನು ಸರಿಮಾಡಿ

ನಕ್ಷೆಯನ್ನು ಮುಟ್ಟುವ ಮೊದಲು ಹಾಳೆಯಲ್ಲಿ ಎಲ್ಲಾ ಸ್ಥಳಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಆನ್‌ಲೈನ್ ನಕ್ಷೆಯಲ್ಲಿ ಆ ಜಾಗದ ಮೇಲೆ ಬಲ ಕ್ಲಿಕ್ ಮಾಡಿದರೆ ಎರಡು ಸಂಖ್ಯೆಗಳು ಸಿಗುತ್ತವೆ. ಬ್ರಹ್ಮಗಿರಿ ಸುಮಾರು 14.81, 76.80. ಸನ್ನತಿ ಸುಮಾರು 16.83, 76.93. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ.

ಬರೀ ಹೆಸರು ಹಾಕಿ ಹುಡುಕಿ, ಬಂದ ಮೊದಲ ಫಲಿತಾಂಶವನ್ನೇ ಒತ್ತಬೇಡಿ. ನಮ್ಮಲ್ಲಿ ಒಂದೇ ಹೆಸರಿನ ಊರು ಎಷ್ಟಿವೆ ನೋಡಿ. ಸಿದ್ದಾಪುರ ಎಂದು ಹುಡುಕಿದರೆ ಉತ್ತರ ಕನ್ನಡದ ತಾಲ್ಲೂಕು ಕೇಂದ್ರ ಬರಬಹುದು, ಕೊಡಗಿನ ಕಾಫಿ ಸೀಮೆಯ ಸಿದ್ದಾಪುರ ಬರಬಹುದು, ಕುಂದಾಪುರದ ಕಡೆಯದೂ ಬರಬಹುದು. ಬ್ರಹ್ಮಗಿರಿ ಎಂದರೆ ಕೊಡಗಿನ ಬೆಟ್ಟಸಾಲಿಗೋ, ತ್ರ್ಯಂಬಕೇಶ್ವರದ ಬೆಟ್ಟಕ್ಕೋ ಕರೆದುಕೊಂಡು ಹೋಗುತ್ತದೆ. ನಿಟ್ಟೂರಿನ ಕಥೆಯೂ ಅದೇ. ಹೆಸರಿನ ಜೊತೆ ತಾಲ್ಲೂಕು, ಜಿಲ್ಲೆ ಸೇರಿಸಿ ಹುಡುಕಿ. ಸಿಕ್ಕಿದ ಮೇಲೆ ಅಕ್ಕಪಕ್ಕದ ಊರುಗಳ ಹೆಸರು ಓದಿ ಖಚಿತ ಮಾಡಿಕೊಳ್ಳಿ.

ಸಂಖ್ಯೆ ಬರೆಯುವಾಗ ಆಗುವ ತಪ್ಪುಗಳು ಮುಖ್ಯವಾಗಿ ಎರಡು.

ಮೊದಲನೆಯದು ಅದಲುಬದಲು. 14.81, 76.80 ಎಂದು ಬರೆಯುವ ಬದಲು 76.80, 14.81 ಎಂದು ಬರೆದರೆ ಬ್ರಹ್ಮಗಿರಿ ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಒಂದು ಬಿಂದು ಹಾಗೆ ಹೋದರೂ ಸಾಕು. ಎಲ್ಲಾ ಬಿಂದುಗಳನ್ನೂ ತೋರಿಸಲು ನಕ್ಷೆ ಅರ್ಧ ಭೂಗೋಳದಷ್ಟು ಹಿಂದೆ ಸರಿಯುತ್ತದೆ. ನೀವು ಜೂಮ್ ಕೆಟ್ಟಿದೆ ಎಂದುಕೊಂಡು ಜೂಮ್‌ನ ಹಿಂದೆ ಬೀಳುತ್ತೀರಿ. ಕರ್ನಾಟಕದ ಮಟ್ಟಿಗೆ ಒಂದು ಸುಲಭ ಪರೀಕ್ಷೆ ಇದೆ: ಅಕ್ಷಾಂಶ 11.5ರಿಂದ 18.5ರ ಒಳಗೆ, ರೇಖಾಂಶ 74ರಿಂದ 78.6ರ ಒಳಗೆ ಇರಬೇಕು. ಹಾಳೆಯಲ್ಲಿ ಒಂದೊಂದು ಕಾಲಂ ಅನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ದಾರಿ ತಪ್ಪಿದ್ದು ಮೇಲೋ ಕೆಳಗೋ ತಾನೇ ಎದ್ದು ಕಾಣುತ್ತದೆ.

ಎರಡನೆಯದು ಡಿಗ್ರಿ, ನಿಮಿಷದ ಗೊಂದಲ. ಹಳೆಯ ವರದಿಗಳಲ್ಲಿ 14° 48' ಎಂದು ಇರುತ್ತದೆ. ಅದನ್ನು 14.48 ಎಂದು ಬರೆದುಬಿಡುತ್ತಾರೆ. 48 ನಿಮಿಷ ಎಂದರೆ 60ರಲ್ಲಿ 48, ಅಂದರೆ 0.80. ಸರಿಯಾದದ್ದು 14.80. ಈ ತಪ್ಪಿನಿಂದ ಬಿಂದು ಸುಮಾರು 35 ಕಿ.ಮೀ. ದಕ್ಷಿಣಕ್ಕೆ ಹೋಗುತ್ತದೆ. ಇದು ಸ್ವಾಲ್ಬಾರ್ಡ್‌ಗಿಂತ ಕೆಟ್ಟ ತಪ್ಪು, ಯಾಕೆಂದರೆ ಕಣ್ಣಿಗೇ ಬೀಳುವುದಿಲ್ಲ.

ದಶಮಾಂಶದ ನಂತರ 4 ಅಂಕಿ ಇದ್ದರೆ ಸುಮಾರು 11 ಮೀಟರ್ ನಿಖರತೆ ಸಿಗುತ್ತದೆ. 2 ಅಂಕಿ ಇದ್ದರೆ 1.1 ಕಿ.ಮೀ. ಬಂಡೆಗಲ್ಲಿನ ಶಾಸನಕ್ಕೆ 4 ಬೇಕು. ಆದರೆ ಹೊಲದ ಬದುವಿನಲ್ಲಿ ಕಾವಲಿಲ್ಲದೆ ಬಿದ್ದಿರುವ ವೀರಗಲ್ಲು, ಮೂರ್ತಿಗಳ ಪ್ರದರ್ಶನವಾದರೆ ಬೇಕೆಂದೇ 2 ಅಂಕಿಗೆ ನಿಲ್ಲಿಸಿ. ಕಳ್ಳರಿಗೆ ದಾರಿ ತೋರಿಸುವುದು ನಮ್ಮ ಕೆಲಸವಲ್ಲ, ಅಲ್ವಾ?

ಕಲ್ಲು ಮೊದಲಿದ್ದ ಜಾಗದಲ್ಲೇ ಈಗಲೂ ಇದೆಯೇ ಎಂಬುದನ್ನೂ ಇಲ್ಲೇ ತೀರ್ಮಾನಿಸಿ. ಬ್ರಹ್ಮಗಿರಿಯದು ಬಂಡೆ, ಅಲ್ಲಾಡುವುದಿಲ್ಲ. ಸನ್ನತಿಯ ಶಾಸನದ ಚಪ್ಪಡಿ ಬೆಳಕಿಗೆ ಬಂದಾಗ ಗುಡಿಯಲ್ಲಿ ದೇವಿಯ ಮೂರ್ತಿಗೆ ಪೀಠವಾಗಿತ್ತು. ಅಂಥ ಕಲ್ಲಿಗೆ ಸಿಕ್ಕ ಜಾಗಕ್ಕೆ ಗುರುತು ಹಾಕುತ್ತೀರೋ, ಈಗಿರುವ ಜಾಗಕ್ಕೋ? ಯಾವುದಾದರೂ ಸರಿ, ಎಲ್ಲಾ ಐಟಂಗಳಿಗೂ ಒಂದೇ ನಿಯಮ ಇರಲಿ. ಅದನ್ನು ವಿವರಣೆಯಲ್ಲಿ ಒಂದು ಸಾಲು ಬರೆದುಬಿಡಿ.

ಈಗ ಐಟಂ ತೆರೆದು, ಮ್ಯಾಪಿಂಗ್ ಟ್ಯಾಬ್‌ಗೆ ಹೋಗಿ ಮಾರ್ಕರ್ (ಬಿಂದುವಿನ ಮೇಲೆ ನಿಲ್ಲುವ ಗುರುತು) ಹಾಕಿ. ಹಾಕಿದ ಮಾರ್ಕರ್ ಸರಿಸಬೇಕೆಂದರೆ ಸುಮ್ನೆ ಎಳೆದರೆ ಬರುವುದಿಲ್ಲ. ನಕ್ಷೆಯ ಪಕ್ಕದ ಎಡಿಟ್ ಗುರುತನ್ನು ಒತ್ತಿ, ಎಳೆದು, ಅಲ್ಲೇ ಕಾಣುವ ಸೇವ್ ಒತ್ತಬೇಕು. ಆಮೇಲೆ ಪುಟದ ಮೇಲಿರುವ ಐಟಂನ ಸೇವ್ ಬೇರೆ. ಎರಡು ಸೇವ್‌ಗಳಲ್ಲಿ ಒಂದನ್ನು ಮರೆತರೂ ಮಾರ್ಕರ್ ಹಳೆಯ ಜಾಗಕ್ಕೇ ವಾಪಸ್ಸಾಗುತ್ತದೆ.

## ಹಂತ 2: ನಕ್ಷೆಯ ಪೆಟ್ಟಿಗೆ ಎಷ್ಟು ದೊಡ್ಡದು?

ಈ ಹಂತವನ್ನು ಹೆಚ್ಚು ಕಡಿಮೆ ಎಲ್ಲರೂ ಹಾರಿಸುತ್ತಾರೆ. ನಕ್ಷೆಯಲ್ಲಿ ಏನು ಹಿಡಿಸುತ್ತದೆ ಎಂಬುದು ಜೂಮ್ ಸಂಖ್ಯೆಯ ಜೊತೆಗೆ ಪೆಟ್ಟಿಗೆಯ ಅಗಲ, ಎತ್ತರದ ಮೇಲೂ ನಿಂತಿದೆ. ಆದ್ದರಿಂದ ಪುಟದ ವಿನ್ಯಾಸ ಮೊದಲು ಅಂತಿಮವಾಗಲಿ. ನಕ್ಷೆ ಪೂರ್ತಿ ಅಗಲಕ್ಕೆ ಇರುತ್ತದೋ, ಪಕ್ಕದಲ್ಲಿ ಬರಹ ಬರುತ್ತದೋ ಎಂದು ಈಗಲೇ ನಿರ್ಧರಿಸಿ.

ಅಳೆಯುವುದು ಸುಲಭ. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಪುಟ ತೆರೆಯಿರಿ. ನಕ್ಷೆಯ ಮೇಲಿನ ಬಟನ್‌ಗಳ ಪಕ್ಕದಲ್ಲಿ ಬಲ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತಿ. ಬರುವ ಸಾಲುಗಳ ಮೇಲೆ ಮೌಸ್ ಆಡಿಸಿದರೆ ಪೆಟ್ಟಿಗೆಯ ಅಳತೆ ಪಿಕ್ಸೆಲ್‌ನಲ್ಲಿ ಕಾಣುತ್ತದೆ. ಎಡಿಟ್ ಪುಟದ ನಕ್ಷೆಯನ್ನೂ ಹೀಗೇ ಅಳೆದು ಎರಡನ್ನೂ ಬರೆದಿಟ್ಟುಕೊಳ್ಳಿ. ಉದಾಹರಣೆಗೆ ಎಡಿಟ್ ಪುಟದ ಪೆಟ್ಟಿಗೆ 900 ಅಗಲ, 400 ಎತ್ತರ ಎಂದುಕೊಳ್ಳಿ. ಓದುಗರ ಪುಟದ್ದು 800 ಅಗಲ, 400 ಎತ್ತರ.

ಈಗ ಸ್ವಲ್ಪ ಲೆಕ್ಕ. ಜೂಮ್ 0ರಲ್ಲಿ ಇಡೀ ಜಗತ್ತು 256 ಪಿಕ್ಸೆಲ್ ಅಗಲದ ಒಂದು ಚೌಕದಲ್ಲಿ ಇರುತ್ತದೆ. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಅದು ಎರಡು ಪಟ್ಟು ದೊಡ್ಡದಾಗುತ್ತದೆ. ನಮ್ಮ ಉತ್ತರ ಕರ್ನಾಟಕದ ಅಕ್ಷಾಂಶದಲ್ಲಿ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಹೆಚ್ಚು ಕಡಿಮೆ ಇಷ್ಟು:

- ಜೂಮ್ 7: 1,180 ಮೀಟರ್
- ಜೂಮ್ 8: 590 ಮೀಟರ್
- ಜೂಮ್ 9: 295 ಮೀಟರ್
- ಜೂಮ್ 13: 18 ಮೀಟರ್
- ಜೂಮ್ 16: 2.3 ಮೀಟರ್

ಬ್ರಹ್ಮಗಿರಿಯಿಂದ ಸನ್ನತಿಗೆ ದಕ್ಷಿಣೋತ್ತರವಾಗಿ ಸುಮಾರು 225 ಕಿ.ಮೀ. ಜೂಮ್ 8ರಲ್ಲಿ ಅದು 380 ಪಿಕ್ಸೆಲ್. 400ರ ಪೆಟ್ಟಿಗೆಯಲ್ಲಿ ಹಿಡಿಸಿತು ಎಂದುಕೊಂಡಿರಾ? ಮಾರ್ಕರ್‌ನ ಚೂಪು ತುದಿ ಮಾತ್ರ ಬಿಂದುವಿನ ಮೇಲೆ ಇರುತ್ತದೆ. ಅದರ ತಲೆ 41 ಪಿಕ್ಸೆಲ್ ಮೇಲಕ್ಕೆ ಚಾಚಿರುತ್ತದೆ. ಮೇಲೆ ಉಳಿದಿರುವ ಜಾಗ ಸುಮಾರು 10 ಪಿಕ್ಸೆಲ್. ಹಾಗಾಗಿ ಸನ್ನತಿಯ ಮಾರ್ಕರ್‌ಗೆ ತಲೆಯೇ ಇರುವುದಿಲ್ಲ, ನೀಲಿ ಮೊಳೆಯಂಥದ್ದು ಅಂಚಿನಲ್ಲಿ ನೇತಾಡುತ್ತಿರುತ್ತದೆ. ಪೆಟ್ಟಿಗೆಯ ಎತ್ತರವನ್ನು 480 ಮಾಡಿದರೆ ಮೇಲೆ 50 ಪಿಕ್ಸೆಲ್ ಸಿಗುತ್ತದೆ, ತಲೆ ಪೂರ್ತಿ ಕಾಣುತ್ತದೆ. ಎತ್ತರ ಬದಲಿಸುವುದು ಥೀಮ್‌ನ (ಸೈಟ್‌ನ ವಿನ್ಯಾಸದ) ಸಿಎಸ್‌ಎಸ್ ಕೋಡ್‌ನ ಕೆಲಸ. ನಿಮಗೆ ಬಾರದಿದ್ದರೆ ಬಲ್ಲವರಿಂದ ಮಾಡಿಸಿಕೊಳ್ಳಿ.

ಇದೇ 9 ಸ್ಥಳಗಳು ಪೂರ್ವಪಶ್ಚಿಮವಾಗಿ 84 ಕಿ.ಮೀ.ಗಿಂತ ಜಾಸ್ತಿ ಹರಡಿಲ್ಲ. ಜೂಮ್ 8ರಲ್ಲಿ ಸುಮಾರು 142 ಪಿಕ್ಸೆಲ್ ಅಷ್ಟೇ. 800 ಅಗಲದ ಪೆಟ್ಟಿಗೆಯಲ್ಲಿ ಎಲ್ಲವೂ ನಡುವೆ ಒಂದು ಪಟ್ಟಿಯಲ್ಲಿ ನಿಲ್ಲುತ್ತವೆ, ಎರಡೂ ಕಡೆ ಖಾಲಿ. ಇಂಥ ಉದ್ದನೆಯ ಹರವಿಗೆ ಅಗಲ ಕಡಿಮೆ, ಎತ್ತರ ಜಾಸ್ತಿ ಇರುವ ಪೆಟ್ಟಿಗೆಯೇ ಚೆಂದ. ಪುಟವನ್ನು ಗ್ರಿಡ್ ಮಾಡಿ, ಒಂದು ಕಡೆ ನಕ್ಷೆ, ಇನ್ನೊಂದು ಕಡೆ ಬರಹ ಇಡಿ. ಕರಾವಳಿಯ ಬಂದರುಗಳ ಪ್ರದರ್ಶನಕ್ಕೂ ಇದೇ ಮಾತು. ಕೃಷ್ಣೆಯ ದಂಡೆಯ ಊರುಗಳಾದರೆ ಅಗಲದ ಪೆಟ್ಟಿಗೆ.

## ಹಂತ 3: ಹಿನ್ನೆಲೆ ನಕ್ಷೆ ಆರಿಸಿ

ಹಿನ್ನೆಲೆಗೆ ಹಲವು ಬಗೆಯ ನಕ್ಷೆಗಳು ಸಿಗುತ್ತವೆ. ಒಂದೊಂದಕ್ಕೂ ಒಂದು ಗರಿಷ್ಠ ಜೂಮ್ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್ 19ರವರೆಗೆ ಹೋಗುತ್ತದೆ, ಓಪನ್‌ಟೋಪೊಮ್ಯಾಪ್ 17ಕ್ಕೆ ನಿಲ್ಲುತ್ತದೆ. ಮಿತಿ ದಾಟಿದರೆ ಬೂದು ಬಣ್ಣದ ಖಾಲಿ ಚೌಕಗಳು. ಉಪಗ್ರಹ ಚಿತ್ರಗಳು ಪೇಟೆಯಲ್ಲಿ ಚೆನ್ನಾಗಿದ್ದು, ಹಳ್ಳಿಯ ಕಡೆ ಮೊದಲೇ ಕೈಕೊಡಬಹುದು. ಅದಕ್ಕೇ ಪರೀಕ್ಷೆಯನ್ನು ಬೆಂಗಳೂರಿನ ಮೇಲೆ ಮಾಡಬೇಡಿ, ಜಟಿಂಗರಾಮೇಶ್ವರದ ಮೇಲೆ ಮಾಡಿ.

ಬೆಟ್ಟಗುಡ್ಡದ ಶಾಸನಗಳಿಗೆ ಎತ್ತರ ತಗ್ಗು ತೋರಿಸುವ ನಕ್ಷೆ ಒಪ್ಪುತ್ತದೆ. ರಸ್ತೆಗಳೇ ತುಂಬಿರುವ ಬಣ್ಣಬಣ್ಣದ ನಕ್ಷೆಯಲ್ಲಿ ಮಾರ್ಕರ್ ಕಳೆದುಹೋಗುತ್ತದೆ. ಮತ್ತೊಂದು ವಿಚಾರ: ಓಪನ್‌ಸ್ಟ್ರೀಟ್‌ಮ್ಯಾಪ್‌ನಂಥ ಹಿನ್ನೆಲೆಗಳಲ್ಲಿ ಜಮ್ಮು ಕಾಶ್ಮೀರದ ಗಡಿ ಸರ್ವೆ ಆಫ್ ಇಂಡಿಯಾ ನಕ್ಷೆಯಂತೆ ಇರುವುದಿಲ್ಲ. ಕಾಲೇಜು, ಸರ್ಕಾರಿ ಸಂಸ್ಥೆಗಳ ಪ್ರದರ್ಶನವಾದರೆ ಇದನ್ನು ಮೊದಲೇ ಯೋಚಿಸಿ. ಜೂಮ್ ಮಿತಿ ಹಾಕಿದರೂ ಓದುಗರು ನಕ್ಷೆಯನ್ನು ಎಳೆದು ಅಲ್ಲಿಗೆ ಹೋಗಬಹುದು.

## ಹಂತ 4: ತೆರೆಯುವ ನೋಟ ಹಿಡಿಯಿರಿ

ಇಲ್ಲೇ ಎಲ್ಲರೂ ಎಡವುವುದು. ನಿಧಾನವಾಗಿ ಓದಿ.

ಮೊದಲು ಎಲ್ಲಿ ಬದಲಿಸಬೇಕು ಎಂಬುದು. ಐಟಂನ ಮ್ಯಾಪಿಂಗ್ ಟ್ಯಾಬ್‌ನಲ್ಲಿ ಇಡುವ ನೋಟ ಆ ಐಟಂಗೆ ಮಾತ್ರ. ಪ್ರದರ್ಶನದ ಪುಟದಲ್ಲಿ ಮ್ಯಾಪ್ ಬೈ ಅಟ್ಯಾಚ್‌ಮೆಂಟ್ಸ್ (ಐಟಂಗಳನ್ನು ನೀವೇ ಆರಿಸುವುದು) ಅಥವಾ ಮ್ಯಾಪ್ ಬೈ ಕ್ವೆರಿ (ಹುಡುಕಾಟದಿಂದ ಐಟಂ ತರುವುದು) ಎಂಬ ಬ್ಲಾಕ್, ಅಂದರೆ ಪುಟಕ್ಕೆ ಸೇರಿಸುವ ತುಂಡು, ಹಾಕಿದ್ದರೆ, ಆ ಬ್ಲಾಕ್‌ಗೆ ತನ್ನದೇ ನೋಟ ಇರುತ್ತದೆ. ಐಟಂನಲ್ಲಿ ಎಷ್ಟೇ ಒದ್ದಾಡಿದರೂ ಪುಟದ ನಕ್ಷೆ ಬದಲಾಗುವುದಿಲ್ಲ. ಪುಟದಲ್ಲಿ ಮಾಡಿದ್ದು ಐಟಂಗೆ ತಗಲುವುದಿಲ್ಲ. ಯಾವ ನಕ್ಷೆ ಕೆಟ್ಟಿದೆ ಎಂದು ಮೊದಲು ನೋಡಿ, ಅದರ ಮನೆಗೇ ಹೋಗಿ.

ಮಾಡುವುದು ಹೀಗೆ. ಬ್ಲಾಕ್ ತೆರೆಯಿರಿ. ಡಿಫಾಲ್ಟ್ ವ್ಯೂ ಭಾಗದಲ್ಲಿ ನಕ್ಷೆಯನ್ನು ಎಳೆದು, ಜೂಮ್ ಮಾಡಿ, ಬೇಕಾದ ಕಡೆ ನಿಲ್ಲಿಸಿ. ಈಗ ಕಾಣುವ ನೋಟವನ್ನೇ ಡಿಫಾಲ್ಟ್ ಮಾಡುವ ಬಟನ್ ನಕ್ಷೆಯ ಮೂಲೆಯಲ್ಲಿ ಇರುತ್ತದೆ, ಅದನ್ನು ಒತ್ತಿ. ಪಕ್ಕದ ಬಟನ್‌ಗಳಲ್ಲಿ ಒಂದು ಉಳಿಸಿದ ನೋಟಕ್ಕೆ ಕರೆದೊಯ್ಯುತ್ತದೆ, ಇನ್ನೊಂದು ಅದನ್ನು ಅಳಿಸುತ್ತದೆ. ಅವಸರದಲ್ಲಿ ಅಳಿಸುವುದನ್ನು ಒತ್ತುವವರು ಕಡಿಮೆಯಿಲ್ಲ. ಬಟನ್ ಮೇಲೆ ಮೌಸ್ ಇಟ್ಟು, ಬರುವ ಅಕ್ಷರ ಓದಿ ಒತ್ತಿ. ಕೊನೆಗೆ ಪುಟ ಸೇವ್ ಮಾಡಿ. ನಕ್ಷೆಯನ್ನು ಸುಮ್ನೆ ಎಳೆದು ನಿಲ್ಲಿಸಿದರೆ ಏನೂ ಉಳಿಯುವುದಿಲ್ಲ.

ಇಷ್ಟೆಲ್ಲಾ ಮಾಡಿದರೂ ಓದುಗರ ಪುಟದಲ್ಲಿ ನಕ್ಷೆ ಒಂದು ಮೆಟ್ಟಿಲು ದೂರ ಸರಿದಿರುತ್ತದೆ. ಕಾರಣ: ಒಮೆಕಾ ಎಸ್ ನಿಮ್ಮ ಜೂಮ್ ಸಂಖ್ಯೆಯನ್ನು ಉಳಿಸುವುದಿಲ್ಲ. ಎಡಿಟ್ ಪೆಟ್ಟಿಗೆಯಲ್ಲಿ ಕಾಣುತ್ತಿದ್ದ ಇಡೀ ಆಯತದ ನಾಲ್ಕು ಅಂಚುಗಳನ್ನು ಉಳಿಸುತ್ತದೆ: ಪಶ್ಚಿಮ, ದಕ್ಷಿಣ, ಪೂರ್ವ, ಉತ್ತರ. ಪುಟ ತೆರೆದಾಗ ಆ ಆಯತ ಪೂರ್ತಿಯಾಗಿ ಹಿಡಿಸುವ ಜೂಮ್ ಯಾವುದೋ ಅದಕ್ಕೆ ಹೋಗುತ್ತದೆ. ಜೂಮ್ ಪೂರ್ಣ ಸಂಖ್ಯೆಯಲ್ಲೇ ಓಡುವುದರಿಂದ ಆಯತ ಕೂದಲೆಳೆಯಷ್ಟು ದೊಡ್ಡದಾದರೂ ಒಂದು ಮೆಟ್ಟಿಲು ಇಳಿಯಲೇಬೇಕು. ಇಳಿದರೆ ಎಲ್ಲವೂ ಅರ್ಧಕ್ಕೆ ಅರ್ಧ ಚಿಕ್ಕದು.

ನಮ್ಮ ಉದಾಹರಣೆಯಲ್ಲಿ ನೋಡಿ. 900 ಅಗಲದ ಎಡಿಟ್ ಪೆಟ್ಟಿಗೆಯಲ್ಲಿ ಜೂಮ್ 8ಕ್ಕೆ ನಿಲ್ಲಿಸಿ ಉಳಿಸಿದ್ದೀರಿ. ಓದುಗರ ಪೆಟ್ಟಿಗೆ 800. 900 ಅದರಲ್ಲಿ ಹಿಡಿಸುವುದಿಲ್ಲ. ನಕ್ಷೆ 7ಕ್ಕೆ ಇಳಿಯುತ್ತದೆ. 380 ಪಿಕ್ಸೆಲ್ ಎತ್ತರಕ್ಕೆ ಹರಡಬೇಕಿದ್ದ ಶಾಸನಗಳು 190ಕ್ಕೆ ಮುದುಡಿಕೊಳ್ಳುತ್ತವೆ. 360 ಅಗಲದ ಫೋನಿನಲ್ಲಿ 6ಕ್ಕೇ ಇಳಿದು ಇನ್ನೂ ಅರ್ಧ.

ಪರಿಹಾರ ಸುಲಭ. ಎಡಿಟ್ ಪೆಟ್ಟಿಗೆಯ ಅಗಲವನ್ನು ಓದುಗರ ಪೆಟ್ಟಿಗೆಯೊಳಗೆ ಹಿಡಿಸುವ ತನಕ ಅರ್ಧ ಮಾಡುತ್ತಾ ಹೋಗಿ. ಎಷ್ಟು ಸಲ ಅರ್ಧ ಮಾಡಿದಿರೋ ಅಷ್ಟು ಮೆಟ್ಟಿಲು ಹತ್ತಿರಕ್ಕೆ ಹೋಗಿ ನೋಟ ಉಳಿಸಿ. 900ರ ಅರ್ಧ 450, ಅದು 800ರಲ್ಲಿ ಹಿಡಿಸಿತು. ಒಂದು ಸಲ. ಹಾಗಾದರೆ ಓದುಗರಿಗೆ ಜೂಮ್ 8 ಬೇಕಿದ್ದರೆ ನೀವು 9ರಲ್ಲಿ ಉಳಿಸಬೇಕು. ನಕ್ಷೆಯನ್ನು 400 ಅಗಲದ ಪಕ್ಕದ ಕಾಲಂನಲ್ಲಿ ಇಟ್ಟಿದ್ದರೆ 900, 450, 225. ಎರಡು ಸಲ. ಆಗ 10ರಲ್ಲಿ ಉಳಿಸಿ. ಎತ್ತರಕ್ಕೂ ಇದೇ ಲೆಕ್ಕ ಮಾಡಿ, ಎರಡರಲ್ಲಿ ಜಾಸ್ತಿ ಬಂದದ್ದನ್ನು ಹಿಡಿಯಿರಿ. ಓದುಗರ ಪೆಟ್ಟಿಗೆಯೇ ಅಗಲ, ಎತ್ತರ ಎರಡರಲ್ಲೂ ದೊಡ್ಡದಿದ್ದರೆ ಅರ್ಧ ಮಾಡುವ ಪ್ರಶ್ನೆಯಿಲ್ಲ. ಬೇಕಾದ ಜೂಮ್‌ನಲ್ಲೇ ಉಳಿಸಿ.

9ರಲ್ಲಿ ನಿಲ್ಲಿಸಿದಾಗ ಎಡಿಟ್ ಪೆಟ್ಟಿಗೆಯಲ್ಲಿ ಸನ್ನತಿಯೂ ಕಾಣುವುದಿಲ್ಲ, ಬ್ರಹ್ಮಗಿರಿಯೂ ಕಾಣುವುದಿಲ್ಲ. ಗಾಬರಿಯಾಗಬೇಡಿ. ನಡುಬಿಂದು ಸರಿಯಿದ್ದರೆ ಸಾಕು. ಅತಿ ಉತ್ತರದ ಮತ್ತು ಅತಿ ದಕ್ಷಿಣದ ಅಕ್ಷಾಂಶ ಕೂಡಿಸಿ ಎರಡರಿಂದ ಭಾಗಿಸಿ: 15.82. ರೇಖಾಂಶಕ್ಕೂ ಹಾಗೇ: 76.15 ಮತ್ತು 76.93ರ ನಡು 76.54. ಮಸ್ಕಿಯ ನೈರುತ್ಯಕ್ಕೆ ಸ್ವಲ್ಪ ದೂರದಲ್ಲಿ ಬರುತ್ತದೆ. ಆ ಜಾಗವನ್ನು ಪೆಟ್ಟಿಗೆಯ ನಟ್ಟನಡುವೆ ತಂದು ಉಳಿಸಿ. ಫೋನಿನಲ್ಲಿ ಈಗ 6ರ ಬದಲು 7ಕ್ಕೆ ತೆರೆಯುತ್ತದೆ.

ಒಂದೊಂದೇ ಐಟಂನ ನಕ್ಷೆಗೆ ಬೇರೆ ಯೋಚನೆ ಬೇಕು. ಒಂದೇ ಬಿಂದು ಇದ್ದಾಗ ಎಷ್ಟು ದೂರದಿಂದ ತೋರಿಸಬೇಕು ಎಂದು ನಕ್ಷೆಗೆ ತಿಳಿಯಲು ಬೇರೆ ದಾರಿಯಿಲ್ಲ, ನೀವೇ ಹೇಳಬೇಕು. ತುಂಬಾ ಹತ್ತಿರ ಹೋಗಬೇಡಿ. ಹಳ್ಳಿಯ ಕಡೆ 18ಕ್ಕೆ ಹೋದರೆ ಬರೀ ಮಾಸಲು ಬಣ್ಣ, ಅದರ ಮೇಲೊಂದು ಮಾರ್ಕರ್. ಎಲ್ಲಿದ್ದೇವೆ ಎಂದೇ ಗೊತ್ತಾಗುವುದಿಲ್ಲ. ಪಕ್ಕದ ಊರಿನ ಹೆಸರೋ, ಒಂದು ರಸ್ತೆಯೋ, ಬೆಟ್ಟವೋ ಕಾಣುವಷ್ಟು ದೂರ ಇರಲಿ. ನನ್ನ ಪ್ರಕಾರ ಇಂಥ ಸ್ಥಳಗಳಿಗೆ 13 ಅಥವಾ 14 ಸರಿ. ಪೇಟೆಯ ಒಳಗಿನ ಕಟ್ಟಡಕ್ಕಾದರೆ 16.

## ಹಂತ 5: ಜೂಮ್ ಮಿತಿ ಮತ್ತು ಮೌಸ್ ಚಕ್ರ

ಬ್ಲಾಕ್‌ನಲ್ಲಿ ಕನಿಷ್ಠ ಜೂಮ್, ಗರಿಷ್ಠ ಜೂಮ್ ಎಂಬ ಖಾನೆಗಳಿವೆ. ಇವು ನಕ್ಷೆ ಎಲ್ಲಿ ತೆರೆಯಬೇಕು ಎಂದು ಹೇಳಲು ಇರುವುದಲ್ಲ. ಓದುಗರು ಎಲ್ಲಿಯವರೆಗೆ ಹೋಗಬಹುದು ಎಂಬ ಬೇಲಿ ಅಷ್ಟೇ. ಬೇಲಿ ತಪ್ಪಾದರೆ 4ನೇ ಹಂತದ ಕೆಲಸವನ್ನೂ ಕೆಡಿಸುತ್ತದೆ. ಕನಿಷ್ಠಕ್ಕೆ 10 ಹಾಕಿದಿರಿ ಎನ್ನಿ. ನಕ್ಷೆ 8ಕ್ಕೆ ಇಳಿಯಲಾರದೆ 10ರಲ್ಲೇ ತೆರೆದುಕೊಳ್ಳುತ್ತದೆ, ಶಾಸನಗಳು ಅಂಚಿನಾಚೆ ಉಳಿಯುತ್ತವೆ.

ಕನಿಷ್ಠಕ್ಕೆ 6 ಇಡಿ. ಜೂಮ್ 6ರಲ್ಲಿ ಬೀದರ್ ಜಿಲ್ಲೆಯ ಉತ್ತರ ತುದಿಯಿಂದ ಚಾಮರಾಜನಗರ ಜಿಲ್ಲೆಯ ದಕ್ಷಿಣ ತುದಿಯವರೆಗೆ ಸುಮಾರು 325 ಪಿಕ್ಸೆಲ್. ಇಡೀ ಕರ್ನಾಟಕ 480ರ ಪೆಟ್ಟಿಗೆಯಲ್ಲಿ ಆರಾಮಾಗಿ ಕೂರುತ್ತದೆ. ರಾಜ್ಯದಲ್ಲಿ ಈ ಜಾಗ ಎಲ್ಲಿದೆ ಎಂದು ನೋಡಲು ಓದುಗರಿಗೆ ಇಷ್ಟು ಬಿಟ್ಟುಕೊಡಲೇಬೇಕು.

ಗರಿಷ್ಠಕ್ಕೆ ಹಿನ್ನೆಲೆ ನಕ್ಷೆಯ ಮಿತಿಗಿಂತ ಜಾಸ್ತಿ ಹಾಕಬೇಡಿ. ತೀರಾ ಕಡಿಮೆಯೂ ಬೇಡ. ಮೊಳಕಾಲ್ಮೂರಿನ ಮೂರು ಸ್ಥಳಗಳು ಕೆಲವೇ ಕಿ.ಮೀ. ಅಂತರದಲ್ಲಿವೆ. ಜೂಮ್ 8ರಲ್ಲಿ 1 ಕಿ.ಮೀ. ಎಂದರೆ 2 ಪಿಕ್ಸೆಲ್ ಕೂಡ ಆಗುವುದಿಲ್ಲ. ಹಾಗಾಗಿ ಮೂರೂ ಸೇರಿ ಒಂದು ದುಂಡನೆಯ ಗುರುತಾಗಿ, ಅದರೊಳಗೆ 3 ಎಂದು ಕಾಣುತ್ತದೆ. ಮಾರ್ಕರ್ ಮಾಯವಾಯಿತು ಎಂದು ಮತ್ತೆ ಹಾಕಲು ಹೋಗಬೇಡಿ, ಎರಡೆರಡು ಆಗಿಬಿಡುತ್ತವೆ. ಅದನ್ನು ಒತ್ತಿದರೆ ನಕ್ಷೆ ಹತ್ತಿರ ಹೋಗಿ ಗುಂಪು ಬಿಚ್ಚಿಕೊಳ್ಳುತ್ತದೆ. ಅದಕ್ಕೆ 13, 14ರವರೆಗಾದರೂ ಜಾಗ ಬೇಕು. ಗರಿಷ್ಠಕ್ಕೆ 16 ಇಟ್ಟರೆ ಗುಂಪೂ ಬಿಚ್ಚುತ್ತದೆ, ಖಾಲಿ ಚೌಕಗಳೂ ಬರುವುದಿಲ್ಲ.

ಮೌಸ್ ಚಕ್ರದಿಂದ ಜೂಮ್ ಆಗುವುದನ್ನು ಉದ್ದನೆಯ ಪುಟದಲ್ಲಿ ನಿಲ್ಲಿಸಿಬಿಡಿ. ಓದುತ್ತಾ ಕೆಳಗೆ ಹೋಗುವವರ ಮೌಸ್ ನಕ್ಷೆಯ ಮೇಲೆ ಬಂದ ಕೂಡಲೇ ಪುಟ ನಿಂತು ನಕ್ಷೆ ಓಡತೊಡಗುತ್ತದೆ. ಮೂಲೆಯಲ್ಲಿ ಕೂಡಿಸು, ಕಳೆ ಗುರುತು ಇದ್ದೇ ಇದೆ.

## ಏನೋ ತಪ್ಪಿದೆ ಎಂದು ಹೇಳುವ ಲಕ್ಷಣಗಳು

ನಕ್ಷೆಯೇ ಕಾಣುತ್ತಿಲ್ಲ. ಐಟಂ ಪುಟದಲ್ಲಾದರೆ ಒಮೆಕಾ ಎಸ್ 4ರಿಂದ ಈಚೆಗೆ ಸೈಟ್‌ನ ಥೀಮ್ ವಿಭಾಗದಲ್ಲಿ ರಿಸೋರ್ಸ್ ಪೇಜ್ ಹೊಂದಿಸುವ ಕಡೆ ಹೋಗಿ, ಐಟಂ ಪುಟಕ್ಕೆ ನಕ್ಷೆಯ ಬ್ಲಾಕ್ ಸೇರಿಸಬೇಕು. ಹಳೆಯ ಆವೃತ್ತಿಯಿಂದ ಮೇಲೇರಿದವರು ಇದನ್ನು ತಪ್ಪದೆ ನೋಡಿ.

ಒಂದು ಮೂಲೆ ಮಾತ್ರ ಕಾಣುತ್ತದೆ, ಉಳಿದದ್ದು ಬೂದು. ನಕ್ಷೆಯನ್ನು ಮುಚ್ಚಿ ತೆರೆಯುವ ಭಾಗದೊಳಗೋ ಟ್ಯಾಬ್‌ನೊಳಗೋ ಇಟ್ಟಿರುತ್ತೀರಿ. ಮುಚ್ಚಿದ್ದಾಗ ಪೆಟ್ಟಿಗೆಗೆ ಅಳತೆಯೇ ಇರುವುದಿಲ್ಲ, ನಕ್ಷೆ ತಪ್ಪು ಲೆಕ್ಕ ಹಾಕಿಕೊಳ್ಳುತ್ತದೆ. ಕಿಟಕಿಯ ಗಾತ್ರ ಬದಲಿಸಿದ ಕೂಡಲೇ ಸರಿಹೋದರೆ ರೋಗ ಇದೇ. ನಕ್ಷೆಯನ್ನು ಬಯಲಿಗೆ ತನ್ನಿ.

ಆಫ್ರಿಕಾದ ಪಶ್ಚಿಮದ ಸಮುದ್ರದಲ್ಲಿ ಒಂದು ಮಾರ್ಕರ್. ಯಾವುದೋ ಐಟಂನ ಸಂಖ್ಯೆಗಳು ಖಾಲಿಯಾಗಿ 0, 0 ಆಗಿವೆ.

ಆಯತದ ನಾಲ್ಕು ಸಂಖ್ಯೆಗಳನ್ನು ಹಾಳೆಯಿಂದ ತುಂಬಿದಿರಿ, ನೋಟ ಮಾತ್ರ ಎಲ್ಲೋ ಇದೆ. ಕ್ರಮ ನೋಡಿ. ಬಿಂದುವಿಗೆ ಅಕ್ಷಾಂಶ ಮೊದಲು, ಆಯತಕ್ಕೆ ರೇಖಾಂಶ ಮೊದಲು: ಪಶ್ಚಿಮ, ದಕ್ಷಿಣ, ಪೂರ್ವ, ಉತ್ತರ. ಈ ಎಡವಟ್ಟು ನಿಮ್ಮದಲ್ಲ, ತಂತ್ರಾಂಶದ್ದು. ಆದರೆ ಅನುಭವಿಸುವವರು ನಾವು.

ನಿಮಗೆ ಸರಿ, ಬೇರೆಯವರಿಗೆ ಹಳೆಯದು. ಅವರ ಬ್ರೌಸರ್ ಹಳೆಯ ಪುಟವನ್ನು ಹಿಡಿದಿಟ್ಟುಕೊಂಡಿರಬಹುದು. ಇನ್‌ಕಾಗ್ನಿಟೊದಲ್ಲಿ ತೆರೆಯಲು ಹೇಳಿ.

## ಹಂತ 6: ಪ್ರಕಟಿಸುವ ಮೊದಲು, ಹೊಸ ಐಟಂ ಸೇರಿಸಿದ ಮೇಲೆ

ಲ್ಯಾಪ್‌ಟಾಪಿನಲ್ಲಿ ಒಮ್ಮೆ, ಫೋನನ್ನು ನೆಟ್ಟಗೆ ಹಿಡಿದು ಒಮ್ಮೆ, ಅಡ್ಡ ಹಿಡಿದು ಒಮ್ಮೆ ತೆರೆದು ನೋಡಿ. ಪ್ರತಿ ಸಲವೂ ನೋಡಬೇಕಾದದ್ದು ಇಷ್ಟು: ಅತಿ ಉತ್ತರದ ಮಾರ್ಕರ್‌ನ ತಲೆ ಪೂರ್ತಿ ಕಾಣುತ್ತದೆಯೇ, ಗುಂಪಿನ ಗುರುತು ಒತ್ತಿದರೆ ಬಿಚ್ಚುತ್ತದೆಯೇ, ಪುಟವನ್ನು ಕೆಳಗೆ ಸರಿಸುವಾಗ ನಕ್ಷೆ ಅಡ್ಡ ಬರುತ್ತದೆಯೇ. ಫೋನ್ ಹಳೆಯದಾದಷ್ಟೂ ಪರೀಕ್ಷೆಗೆ ಒಳ್ಳೆಯದು.

ಉಳಿಸಿದ ಆಯತ ತಾನಾಗಿ ಬೆಳೆಯುವುದಿಲ್ಲ ಎಂಬುದು ನೆನಪಿರಲಿ. ನಾಳೆ ಇದೇ ಪ್ರದರ್ಶನಕ್ಕೆ ಆಂಧ್ರದ ಎರ್ರಗುಡಿಯನ್ನು ಸೇರಿಸಿದರೆ ತೊಂದರೆಯಿಲ್ಲ. ಅದು ಸುಮಾರು 15.2, 77.6ರಲ್ಲಿದೆ, ಪೂರ್ವಕ್ಕೆ ಬಿಟ್ಟಿದ್ದ ಖಾಲಿ ಜಾಗದಲ್ಲಿ ಬಂದು ಕೂರುತ್ತದೆ. ಮುಂಬೈ ಬಳಿಯ ಸೋಪಾರವನ್ನು ಸೇರಿಸಿದಿರೋ, ಅದು ನೋಟದ ಹೊರಗೇ ಉಳಿಯುತ್ತದೆ, ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಆಗ ನಡುಬಿಂದುವಿನ ಲೆಕ್ಕದಿಂದ ಹಿಡಿದು 4ನೇ ಹಂತವನ್ನು ಮತ್ತೆ ಮಾಡಬೇಕು. ಐಟಂಗಳು ಇನ್ನೂ ಬರುತ್ತಲೇ ಇವೆ ಎಂದಾದರೆ ಸದ್ಯಕ್ಕೆ ಡಿಫಾಲ್ಟ್ ನೋಟವನ್ನು ಅಳಿಸಿಡಿ. ನಕ್ಷೆ ಎಲ್ಲಾ ಬಿಂದುಗಳನ್ನೂ ನೋಡಿ ತಾನೇ ಹೊಂದಿಸಿಕೊಳ್ಳುತ್ತದೆ. ಸೇರಿಸುವ ಕೆಲಸ ಪೂರ್ತಿ ಮುಗಿದ ಮೇಲೆ ನೋಟ ಹಿಡಿದು ಉಳಿಸಿ.